ಕಿವಿ ಮುಚ್ಚಿಕೊಂಡು ಬೀಸಿದ ಜೋಳ

ಗಿರಣಿ ನಡೆಸುವುದನ್ನು ನನಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಈ ಮಾತನ್ನು ಇಪ್ಪತ್ತೆರಡು ವರ್ಷಗಳಿಂದ ಬಂದವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಹೋದ ತಿಂಗಳಿನಿಂದ ಹೇಳುತ್ತಿಲ್ಲ. ಕಾರಣವನ್ನು ಸವಿಸ್ತಾರವಾಗಿ ಈ ಕೆಳಗೆ ನಿವೇದಿಸಿಕೊಂಡಿದ್ದೇನೆ.

ಧಾರವಾಡದ ನಮ್ಮ ಓಣಿಯ ತಿರುವಿನಲ್ಲಿ, ಮನೆಗೆ ಅಂಟಿಕೊಂಡೇ ನಮ್ಮ ಹಿಟ್ಟಿನ ಗಿರಣಿ ಇದೆ. ಅತ್ತೆಯವರು ಹೋಗುವಾಗ "ಬಂಗಾರ ಮಗಳಿಗಿ, ಗಿರಣಿ ಸೊಸಿಗಿ" ಎಂದು ಹೇಳಿ ಹೋದರು. ಆಗ ಒಳಗೊಳಗೇ ಸಿಟ್ಟು ಬಂದಿತ್ತು. ಆಮೇಲೆ ಗಿರಣಿಯ ರುಚಿ ಹತ್ತಿತು. ಇಡೀ ಓಣಿಯ ಸುದ್ದಿ ಹಿಟ್ಟಿನ ಡಬ್ಬಿಯ ಜೊತೆಗೇ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತದೆ. ಬಂಗಾರಕ್ಕೆ ಆ ಸುಖವೆಲ್ಲಿ!

ಗಿರಣಿಯ ವಿದ್ಯೆ ಇರುವುದು ಎರಡೇ ಜಾಗದಲ್ಲಿ. ಒಂದು ಕಿವಿ, ಇನ್ನೊಂದು ಹೆಬ್ಬೆರಳು. ಎರಡು ಕಲ್ಲುಗಳ ನಡುವಿನ ಸಂದು ಸರಿಯಿದ್ದರೆ ಕಲ್ಲು ಒಂದೇ ಸಮನೆ ಗುಂಯ್ ಎನ್ನುತ್ತದೆ. ಸಡಿಲಾದರೆ ಖರಖರ ಎನ್ನುತ್ತದೆ, ಹಿಟ್ಟು ತರಿತರಿಯಾಗಿ ಬೀಳುತ್ತದೆ. ಸಂದನ್ನು ಬಿಗಿ ಮಾಡಲು, ಸಡಿಲು ಮಾಡಲು ಪಕ್ಕದಲ್ಲೊಂದು ಕಬ್ಬಿಣದ ಚಕ್ರ. ಕಲ್ಲಿನ ದನಿ ಕೇಳುತ್ತಾ, ಬೀಳುವ ಹಿಟ್ಟನ್ನು ಆಗಾಗ ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾ ಆ ಚಕ್ರವನ್ನು ಹದವಾಗಿ ತಿರುಗಿಸಬೇಕು. ಇಷ್ಟೇ ಕೆಲಸ. ಇಷ್ಟನ್ನೇ ನಾನು ಕೆಡಿಸಿದ್ದು.

ಓಣಿಯ ಕೊನೆಗೆ ಗಂಗಕ್ಕನ ಖಾನಾವಳಿ. ಅರವತ್ತು ದಾಟಿದ ಜೀವ, ದಿನಾ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಾಳೆ. ರೊಟ್ಟಿಯೆಂದರೆ ಹೇಗೆ? ಎತ್ತಿ ಹಿಡಿದರೆ ಆಚೆ ಬೀದಿ ಕಾಣಬೇಕು! ಆ ಜೋಳ ಹೆಬ್ಬಳ್ಳಿಯಲ್ಲಿರುವ ಅವಳ ತಮ್ಮ ಫಕೀರಪ್ಪನ ಹೊಲದ್ದು. ಬೀಸುವುದು ನಮ್ಮ ಗಿರಣಿಯಲ್ಲಿ. ಬೇರೆ ಗಿರಾಕಿಗಳು ಹಿಟ್ಟನ್ನು ಹಿಚುಕಿ, ಮೂಸಿ, ಮತ್ತೆ ಹಿಚುಕಿ ಒಯ್ಯುತ್ತಾರೆ. ಗಂಗಕ್ಕ ಒಂದು ದಿನವೂ ಮುಟ್ಟಿ ನೋಡಿದವಳಲ್ಲ. "ಶಕುಂತಲಾನ ಬೆರಳ ನೋಡಿದ ಮ್ಯಾಲ ಮತ್ತ ನಾ ಏನ ನೋಡಲಿ?" ಎನ್ನುತ್ತಿದ್ದಳು. ಈ ಮಾತು ಕೇಳಿದಾಗಲೆಲ್ಲ ನನ್ನ ಬೆರಳಿಗೆ ಒಂದು ಸುತ್ತು ಸೊಕ್ಕು ಬರುತ್ತಿತ್ತು.

ಹೀಗಿರಲು, ನಮ್ಮ ಮೇಲಿನ ಮನೆಗೆ ಬಾಡಿಗೆಗಿರುವ ಪಲ್ಲವಿ ಎಂಬ ಹುಡುಗಿ, ಪಿಎಚ್‌ಡಿ ಬರೆಯುತ್ತಿರುವವಳು, ಒಂದು ದಿನ ಕಿವಿಗೆ ಎರಡು ಕರಿ ಬಟ್ಟಲು ಕವುಚಿಕೊಂಡು ಗೋಧಿ ಬೀಸಿಸಲು ಬಂದಳು. ಮುಖದ ಮೇಲೆ ಕಳೆಯೋ ಕಳೆ.

"ಏನ ಕೇಳಾಕತ್ತಿಯವಾ?" ಎಂದೆ. ಅವಳು ತನ್ನ ಕಿವಿಯ ಬಟ್ಟಲುಗಳನ್ನು ತೆಗೆದು ನನ್ನ ಕಿವಿಗಿಟ್ಟಳು.

ಅಬ್ಬಬ್ಬಾ! ಮೊದಲು ಆದದ್ದೇನೆಂದರೆ, ಗಿರಣಿ ಮಾಯವಾಯಿತು. ಕಣ್ಣೆದುರಿಗೆ ತಿರುಗುತ್ತಿದೆ, ಸದ್ದಿಲ್ಲ! ಹೊರಗಿನ ಗದ್ದಲವನ್ನು ನುಂಗಿಬಿಡುವ ಹೆಡ್‌ಫೋನ್ ಅಂತೆ ಅದು. ಆ ಮೌನದೊಳಗೆ ಪಿಟೀಲುಗಳು ಎದ್ದವು, ಕೊಳಲುಗಳು ಕೂಡಿಕೊಂಡವು, ಕೆಳಗೆ ನಮ್ಮ ಶ್ರುತಿಪೆಟ್ಟಿಗೆಯಂಥದ್ದೇನೋ ಹಿಡಿದ ಸ್ವರ ಬಿಡದೆ ಗೂಂಗುಟ್ಟಿತು. ನನ್ನ ಕಾಲು ತಾನಾಗಿ ಕುಣಿಯತೊಡಗಿತು.

"ಇದಕ್ಕ ಬರೋಕ್ ಸಂಗೀತ ಅಂತಾರ್ರಿ ಆಂಟಿ. ಮುನ್ನೂರು ವರ್ಷದ್ದು, ಯುರೋಪಿಂದು. ಇದು ಕುರಿ ಕಾಯೋರ ಸಂತೋಷದ ಬಗ್ಗೆ ಕಟ್ಟಿದ್ದು. ಇದನ್ನ ಕೇಳಕೋತ ಕೆಲಸ ಮಾಡಿದ್ರ ಭಾಳ ಏಕಾಗ್ರತಾ ಬರ್ತದ. ನನ್ನ ಹತ್ರ ಇನ್ನೊಂದದ, ಇದು ನೀವೇ ಇಟಕೋರಿ, ಹಾಡನ್ನ ನಿಮ್ಮ ಮೊಬೈಲಿಗೆ ಹಾಕಿ ಕೊಡ್ತೀನಿ" ಎಂದಳು ಪಲ್ಲವಿ.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮ ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಲೇ ಬೀಸುತ್ತಿದ್ದಳು. ಹಾಡಿಲ್ಲದೆ ಬೀಸುವುದೇ ನಮ್ಮ ಮನೆತನದ ಸಂಪ್ರದಾಯಕ್ಕೆ ವಿರುದ್ಧ! ಯುರೋಪಿನವರಾದರೇನು, ಕುರಿ ಕಾಯುವವರು ನಮ್ಮವರೇ. ಮರುದಿನದಿಂದಲೇ ಗಿರಣಿಯಲ್ಲಿ ಬರೋಕ್ ಯುಗ ಆರಂಭವಾಯಿತು.

ಆರಂಭದ ಎರಡು ಮೂರು ದಿನ ಸಣ್ಣಪುಟ್ಟ ಅನಾಹುತಗಳಷ್ಟೇ ಆದವು. ಕಿವಿ ಕೇಳದವಳಿಗೆ ಗಿರಾಕಿ ಏನು ಹೇಳಿದರೂ ನಗುತ್ತಾ ತಲೆಯಾಡಿಸುವುದೊಂದೇ ದಾರಿ. ಎದುರು ಮನೆಯ ಕುಲಕರ್ಣಿ ಅಜ್ಜಿ ಬಂದು ಏನೋ ಕೇಳಿದರು, ನಾನು ತಲೆಯಾಡಿಸಿದೆ. ಸಂಜೆ ಅವರ ಬೆಕ್ಕು ತನ್ನ ಹಾಸಿಗೆ ಸಮೇತ ನಮ್ಮ ಮನೆಗೆ ಬಂತು, ಅಜ್ಜಿ ಮಗಳ ಊರಿಗೆ ಹೋದರು! ಹಿಂದಿನ ಮನೆಯ ಪಾರ್ವತಕ್ಕನೂ ಕಟ್ಟೆಯ ಮೇಲೆ ನಿಂತು ಏನೋ ಕೇಳಿದಳು. ಕೊಳಲು ಬಹಳ ಖುಷಿಯಲ್ಲಿದ್ದ ಹೊತ್ತು ಅದು. ನಾನು ಖುಷಿಯಿಂದಲೇ ನಾಲ್ಕು ಸಲ ತಲೆಯಾಡಿಸಿದೆ. ಅವಳು ಕೇಳಿದ್ದು, "ನಾ ಇತ್ತಿತ್ಲಾಗ ಭಾಳ ದಪ್ಪ ಆಗೇನೇನ?" ಎಂದು. ಅಂದಿನಿಂದ ಅವಳ ಡಬ್ಬಿ ಬೇರೆ ಗಿರಣಿಗೆ ಹೋಗುತ್ತಿದೆ.

ಎರಡು ಮನೆಯವರು ಹಿಟ್ಟು ಯಾಕೋ ತರಿ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ರೊಟ್ಟಿ ಬಡಿಯಲು ಬಾರದವರು ಹಿಟ್ಟನ್ನು ಬೈಯುತ್ತಾರೆ ಎಂದು ನಾನು ಲಕ್ಷ್ಯ ಕೊಡಲಿಲ್ಲ.

ಸೋಮವಾರ ಗಂಗಕ್ಕನ ಒಂದು ಚೀಲ ಜೋಳ ಬೀಸಿ ಕಳಿಸಿದೆ. ಮಧ್ಯಾಹ್ನ ಊಟದ ಹೊತ್ತು ಮುಗಿಯುತ್ತಲೇ ಗಂಗಕ್ಕ ಸ್ವತಃ ಬಂದಳು. ಕೈಯಲ್ಲೊಂದು ತಾಟು, ತಾಟಿನಲ್ಲಿ ಒಂದು ರೊಟ್ಟಿ. ಒಂದು ಎಂದರೆ ಐದು ತುಂಡು.

"ಶಕುಂತಲಾ, ಹಿಟ್ಟ ಯಾಕೋ ತರಿ ಅನಸಾಕತ್ತೈತಿ ನೋಡವಾ. ಬಡಿಯಾಕ ಹೋದ್ರ ಅಂಚ ಸೀಳತಾವು. ಎತ್ತಿ ಹಂಚಿಗಿ ಹಾಕೋದ್ರಾಗ ಹರದ ಹೋಗತೈತಿ" ಎಂದಳು.

ನಾನು ಹೆಡ್‌ಫೋನನ್ನು ಕೊರಳಿಗೆ ಇಳಿಸಿ ಎದೆಯುಬ್ಬಿಸಿದೆ. "ನನ್ನ ಹಿಟ್ಟ ತರಿನ? ಏನ ಮಾತಂತ ಆಡತಿ ಗಂಗಕ್ಕಾ! ಇಪ್ಪತ್ತೆರಡ ವರ್ಷದಾಗ ಒಂದರ ಸಲ ಆಗೇತೇನ?"

"ನಿಂದಂತ ನಾ ಎಲ್ಲೆ ಅಂದೆ? ನೀ ಬೆರಳ ಹಚ್ಚದ ಬಿಡಾಕಿ ಅಲ್ಲ, ನನಗ ಗೊತ್ತಿಲ್ಲೇನು?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವ ವಿದ್ಯೆಯನ್ನು ಅತ್ತೆ ನನಗೆ ಬಿಟ್ಟು ಹೋಗಿರಲಿಲ್ಲ. "ಜೋಳದ್ದ ಇರಬೇಕಕ್ಕಾ. ಹಳೇ ಜೋಳ ಕಾಣಸ್ತೈತಿ, ಜಿಗಿ ಹೋಗೇತಿ" ಎಂದುಬಿಟ್ಟೆ.

"ಹಳೇದು? ಈ ಸುಗ್ಗಿದು ಅಂತ ಹೇಳಿ ಕಳಿಸ್ಯಾನಲ್ಲ ತಮ್ಮ?"

"ತಮ್ಮ ಪಾಪ ಹೊಸಾದ ಅಂದಿರತಾನ. ಮನ್ಯಾಗ ಚೀಲಾ ತುಂಬಿ ಕೊಡೋರು ಯಾರು..." ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಇಂಥ ಮಾತನ್ನು ಪೂರ್ತಿ ಹೇಳುವ ಅಗತ್ಯವಿರುವುದಿಲ್ಲ.

ಗಂಗಕ್ಕ ಅಲ್ಲಿಯೇ ಚೀಲದ ಮೇಲೆ ಕೂತು ಫೋನು ಹಚ್ಚಿದಳು. "ಫಕೀರಪ್ಪಾ, ಹೊಸಾ ಜೋಳಾ ನೀವ ಉಣ್ಣರಿ, ಹಳೇದ ಅಕ್ಕಗ ಕಳಸರಿ! ನಿನ್ನ ಹೇಂತಿಗಿ ಹೇಳು, ನಾನೂ ಆ ಮನಿ ಮಗಳ ಅದೇನಿ ಅಂತ!" ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಗಂಗಕ್ಕನ ಮುಖ ಮಾತ್ರ ಸಣ್ಣದಾಯಿತು. ಬಿತ್ತಲಿಕ್ಕೆಂದು ಆರಿಸಿಟ್ಟ ಜೋಳವನ್ನೇ ಕಳಿಸುತ್ತೇನೆ, ಅದೂ ಹರಿದರೆ ನಿನ್ನ ಕೈ ಸತ್ತೈತಿ ಅಂತ ತಿಳಕೋ, ನನಗ ಫೋನ್ ಮಾಡಬ್ಯಾಡ ಎಂದು ತಮ್ಮ ಹೇಳಿದನಂತೆ.

ಬುಧವಾರ ಬಿತ್ತನೆಯ ಜೋಳ ಬಂತು. ಮುತ್ತಿನಂಥ ಕಾಳು! ಅಕ್ಕ ತಮ್ಮಂದಿರ ಮಾನವೇ ಆ ಚೀಲದಲ್ಲಿದೆ ಎಂಬುದರ ಅರಿವು ನನಗಿತ್ತು. ಬೆಳಿಗ್ಗೆ ಚಕ್ರವನ್ನು ಬಿಗಿ ಮಾಡಿ, ಕಲ್ಲಿಗೆ ಕೈಮುಗಿದೆ. ಇಂಥ ಮಹತ್ವದ ದಿನ ಏಕಾಗ್ರತೆಯಲ್ಲಿ ಎಳ್ಳಷ್ಟೂ ಕೊರತೆಯಾಗಬಾರದೆಂದು, ಸಂಗೀತದ ದನಿಯನ್ನು ಇನ್ನೂ ಎರಡು ಗೆರೆ ಏರಿಸಿದೆ!

ಆ ದಿನದ ರೊಟ್ಟಿಗಳು ತಟ್ಟುವ ಮೊದಲೇ ಹರಿದವಂತೆ.

ಗುರುವಾರ ಖಾನಾವಳಿಯ ಬಾಗಿಲಲ್ಲಿ ಪಾಟಿಯೊಂದನ್ನು ತೂಗುಹಾಕಿದ್ದರು. ಸೀಮೆಸುಣ್ಣದಲ್ಲಿ ಬರೆದಿತ್ತು: "ರೊಟ್ಟಿ ಇಲ್ಲ." ಮೂವತ್ತು ವರ್ಷದಲ್ಲಿ ಮೊದಲ ಸಲ. ದಿನಾ ಉಣ್ಣಲು ಬರುವ ಬಸ್ ಕಂಡಕ್ಟರುಗಳೂ ಕಾಲೇಜಿನ ಹುಡುಗರೂ ಪಾಟಿಯನ್ನು ಓದಿ, ನಂಬದೆ ಮತ್ತೊಮ್ಮೆ ಓದಿ ಹೋಗುತ್ತಿದ್ದರು. ಒಳಗೆ ಗಂಗಕ್ಕ ತಣ್ಣಗಿನ ಹಂಚಿನ ಮುಂದೆ ಕೂತು ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಕೈ ಸತ್ತಾವಲ್ಲವಾ ಶಕುಂತಲಾ" ಎಂದಳು. "ತಮ್ಮ ಖರೇನ ಹೇಳಿದ. ಇನ್ನ ಬಾಗಿಲಾ ಹಾಕತೇನಿ."

ನಾನು ಪಕ್ಕದಲ್ಲಿ ಕೂತು ಸಮಾಧಾನ ಹೇಳಿದೆ. ಏನು ಹೇಳಿದೆ ಗೊತ್ತೇ? "ವಯಸ್ಸಾತಲ್ಲಕ್ಕಾ. ಒಂದಿಲ್ಲ ಒಂದಿನ ಎಲ್ಲಾರಿಗೂ ಬರೂದ ಐತಿ" ಎಂದೆ! ಈಗ ನೆನೆಸಿಕೊಂಡರೆ ನನ್ನ ನಾಲಿಗೆಯನ್ನೇ ಕಲ್ಲಿನ ಸಂದಿಗೆ ಕೊಡಬೇಕು ಎನಿಸುತ್ತದೆ.

ನನ್ನ ಗಂಡ ಈರಣ್ಣ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಯಂತ್ರದ ಸದ್ದು ಸ್ವಲ್ಪ ಬದಲಾದರೂ ಊಟದ ತಾಟು ಬಿಟ್ಟು ಏಳುವ ಮನುಷ್ಯ. ಆ ಸಂಜೆ ಬೇಗ ಬಂದವರು ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತರು. ಗಿರಣಿ ನಡೆದಿತ್ತು. ನಾನು ಯುರೋಪಿನಲ್ಲಿದ್ದೆ. ಅವರು ಬಂದು ನನ್ನ ಕಿವಿಯಿಂದ ಹೆಡ್‌ಫೋನ್ ಕಿತ್ತರು.

ಖರಖರಖರಖರ!

"ಶಕ್ಕು, ಕಲ್ಲ ಇಷ್ಟ್ಯಾಕ ಸಡಲ ಬಿಟ್ಟಿ? ನುಚ್ಚ ಒಡ್ಯಾಕತ್ತಿಯೇನ?"

"ನಾ ಎಲ್ಲೆ ಸಡಲ ಬಿಟ್ಟೇನ್ರಿ? ಮುಂಜಾನೆ ಬಿಗಿ ಮಾಡೇ ಚಾಲೂ ಮಾಡೇನಿ!"

ಅವರು ಚಕ್ರವನ್ನು ನೋಡಿದರು. ಬೆಳಗಿನ ಗುರುತಿನಿಂದ ಒಂದೂವರೆ ಸುತ್ತು ಸರಿದಿತ್ತು. ಚಕ್ರ ತಾನಾಗಿ ತಿರುಗುವುದಿಲ್ಲ. ಬೆಕ್ಕಿನ ಮೇಲೆ ನನಗೆ ಸಂಶಯ ಬಂತು. ಈರಣ್ಣನವರಿಗೆ ಬೇರೆ ಪ್ರಾಣಿಯ ಮೇಲೆ ಬಂತು.

"ಆ ಕಿವಿದು ಹಾಕ್ಕೊಂಡು, ದಿನಾ ಹೆಂಗ ಬೀಸತಿ ಹಂಗ ಬೀಸು. ನಾ ಇಲ್ಲೇ ನಿಂದರತೇನಿ" ಎಂದು ಮೊಬೈಲು ಹಿಡಿದು ನಿಂತರು.

ಹತ್ತು ನಿಮಿಷ ಬೀಸಿದೆ. ಆಮೇಲೆ ಇಬ್ಬರೂ ಕೂತು ಅವರು ತೆಗೆದ ವಿಡಿಯೋ ನೋಡಿದೆವು. ಸದರಿ ವಿಡಿಯೋದಲ್ಲಿ ಒಬ್ಬ ಐವತ್ತರ ಹೆಂಗಸು ಕಣ್ಣು ಅರ್ಧ ಮುಚ್ಚಿಕೊಂಡು, ಗದ್ದ ಆಡಿಸುತ್ತಾ ನಿಂತಿದ್ದಾಳೆ. ಎಡಗೈ ಚಕ್ರದ ಮೇಲಿದೆ. ಕೈ ತಾಳ ಹಾಕುತ್ತಿದೆ. ಒಂದೊಂದು ಪೆಟ್ಟಿಗೂ ಚಕ್ರ ಕೂದಲೆಳೆಯಷ್ಟು ಹಿಂದೆ ಸರಿಯುತ್ತಿದೆ! ಬಲಗೈ ಹಿಟ್ಟು ತಿಕ್ಕಿ ನೋಡಬೇಕಲ್ಲ? ಅದು ಗಾಳಿಯಲ್ಲಿ ಪಿಟೀಲು ಬಾರಿಸುತ್ತಿದೆ!

ಏನು ಮಾಡಲಿ, ಧಾರವಾಡದ ಕೈ. ಇಲ್ಲಿ ಕೂಸು ಕೂಡ ತೊಟ್ಟಿಲಲ್ಲಿ ತಾಳ ಹಾಕುತ್ತದೆ. ಸಂಗೀತ ಯಾವ ದೇಶದ್ದಾದರೇನು, ಸುಮ್ಮನೆ ಕೇಳಿಸಿಕೊಂಡು ಕೂತರೆ ನಮ್ಮ ಕೈಗೆ ಅವಮಾನ.

ಈರಣ್ಣನವರು ಗೋಧಿಯ ಚೀಲದ ಮೇಲೆ ಬಿದ್ದು ನಕ್ಕರು. ನಾನೂ ಒಂದು ಗಳಿಗೆ ನಕ್ಕೆ. ಮರುಗಳಿಗೆ ತಣ್ಣಗಿನ ಹಂಚಿನ ಮುಂದೆ ಅಂಗೈ ನೋಡಿಕೊಳ್ಳುತ್ತಿದ್ದ ಗಂಗಕ್ಕ ಕಣ್ಣ ಮುಂದೆ ಬಂದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ.

"ಏನಂತ ಹೇಳಲಿರಿ ಆಕಿಗಿ? ಕಲ್ಲ ಸವದಿತ್ತು ಅಂದ್ರ ನಡಿತೈತೇನು?" ಎಂದೆ.

"ಹೇಳು. ಆಕಿ ನಂಬತಾಳ. ನೀ ಏನ ಹೇಳಿದ್ರೂ ನಂಬತಾಳ ಆಕಿ" ಎಂದರು.

ಆ ಮಾತಿನ ಮುಂದೆ ಸುಳ್ಳು ಹೇಳುವ ಧೈರ್ಯ ನನಗೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಖಾನಾವಳಿಗೆ ಹೋಗಿ, ಬಾಯಿಂದ ಹೇಳಲಾಗದೆ, ವಿಡಿಯೋವನ್ನೇ ಗಂಗಕ್ಕನ ಮುಂದೆ ಹಿಡಿದೆ. ಅವಳು ಒಂದು ಸಲ ನೋಡಿದಳು. ಇನ್ನೊಮ್ಮೆ ಹಚ್ಚು ಎಂದಳು. ಮೂರನೆಯ ಸಲ ನೋಡುವಾಗ ಕಣ್ಣಿಂದ ನೀರು ಹರಿಯುತ್ತಿತ್ತು.

"ಅಂದ್ರ... ನನ್ನ ಕೈ ಸತ್ತಿಲ್ಲ?"

"ಇಲ್ಲಕ್ಕಾ. ನನ್ನ ಕಿವಿ ಸತ್ತಿತ್ತು."

ಗಂಗಕ್ಕ ಎದ್ದು ಬಂದು ನನ್ನ ಬೆನ್ನಿನ ಮೇಲೆ ಒಂದು ಕೊಟ್ಟಳು. ಆ ಪೆಟ್ಟಿಗೆ ನಾನು ಎರಡು ಹೆಜ್ಜೆ ಮುಂದೆ ಹೋಗಿ ಗೋಡೆ ಹಿಡಿದೆ. ಕೈಯ ಬಲ ಒಂದಿಷ್ಟೂ ತಗ್ಗಿಲ್ಲ ಎಂಬುದು ಇಬ್ಬರಿಗೂ ಖಾತ್ರಿಯಾಯಿತು! ಆಮೇಲೆ ಅವಳು ಅತ್ತಳು, ನಾನೂ ಅತ್ತೆ, ಎರಡೂ ಚೀಲದಲ್ಲಿ ಉಳಿದಿದ್ದ ಹಿಟ್ಟನ್ನು ಹೊತ್ತು ತಂದು ಬರಿಗಿವಿಯಲ್ಲಿ ಮತ್ತೆ ಬೀಸಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಪಾಟಿ ಒಳಗೆ ಹೋಯಿತು, ಬಾಗಿಲಲ್ಲಿ ಕಂಡಕ್ಟರುಗಳು ಸಾಲುಗಟ್ಟಿದರು.

ಆದರೆ ಶಿಕ್ಷೆ ಮುಗಿದಿರಲಿಲ್ಲ. "ತಮ್ಮಗ ನಾ ಬಾಯಿಗಿ ಬಂದಂಗ ಅಂದೇನಿ. ಅವನ ಹೇಂತಿಗೂ ಅಂದೇನಿ. ನಾ ಫೋನ್ ಮಾಡಿದ್ರ ಎತ್ತವಲ್ಲ. ನೀನ ಹೆಬ್ಬಳ್ಳಿಗಿ ಹೋಗು, ಎದುರಿಗಿ ನಿಂತು ಹೇಳು, 'ಜೋಳ ಛಲೋ ಇತ್ತು, ತಪ್ಪು ನಂದು' ಅಂತ. ಒಂದ ಅಕ್ಷರ ಹೆಚ್ಚಿಲ್ಲ, ಕಡಿಮಿಲ್ಲ" ಎಂದಳು ಗಂಗಕ್ಕ.

ಭಾನುವಾರ ಈರಣ್ಣನವರ ಬೈಕಿನ ಹಿಂದೆ ಕೂತು, ದಾರಿಯುದ್ದಕ್ಕೂ ಆ ನಾಲ್ಕೈದು ಶಬ್ದಗಳನ್ನು ಬಾಯಿಪಾಠ ಮಾಡುತ್ತಾ ಹೆಬ್ಬಳ್ಳಿ ಮುಟ್ಟಿದೆ. ಫಕೀರಪ್ಪ ಜೋಳ ಕೊಯ್ದ ಹೊಲದಲ್ಲಿ ತನ್ನ ಕುರಿಗಳನ್ನು ಮೇಯಲು ಬಿಟ್ಟು ಬೇವಿನ ನೆರಳಲ್ಲಿ ಕೂತಿದ್ದ. ನನ್ನನ್ನು ಕಂಡೊಡನೆ ಮುಖ ಗಂಟಾಯಿತು.

"ಗಿರಣಿ ಅಕ್ಕಾರಲ್ಲ? ಏನ್ರಿ, ಮತ್ತ ಜೋಳದಾಗ ಏನರ ಹುಳುಕ ಸಿಕ್ತೇನು?"

ನೇರವಾಗಿ ತಪ್ಪು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಸ್ವಲ್ಪ ಪೀಠಿಕೆ ಇರಲಿ ಎಂದು ನಾನು ಹೆಡ್‌ಫೋನಿನಿಂದ ಶುರು ಮಾಡಿದೆ. ಪಲ್ಲವಿ, ಯುರೋಪು, ಮುನ್ನೂರು ವರ್ಷ, ಕಲ್ಲಿನ ಸಂದು, ಚಕ್ರ, ನನ್ನ ಕೈ, ಎಲ್ಲ ಬಂದವು. ಫಕೀರಪ್ಪ ಬಾಯಿ ತೆರೆದು ಕೇಳಿದ. ಕೊನೆಗೆ ಅವನು ಹಿಡಿದುಕೊಂಡದ್ದು ಒಂದೇ ಮಾತು.

"ಕುರಿ ಕಾಯೋರ ಹಾಡ ಅಂದ್ರ್ಯಾ? ಹಚ್ಚರಿ ನೋಡೂನು. ನಮ್ಮ ಅಕ್ಕನ ಮಾತ ಬಿಡಿಸಿದ ಹಾಡ ಹೆಂಗೈತಿ, ಕೇಳೂನು."

ಮೊಬೈಲಿನ ದನಿ ಏರಿಸಿ ಬದುವಿನ ಮೇಲೆ ಇಟ್ಟೆ. ಪಿಟೀಲುಗಳು ಎದ್ದವು, ಕೊಳಲುಗಳು ಕೂಡಿಕೊಂಡವು. ಬಯಲಿನ ಗಾಳಿಗೆ ಅದು ಇನ್ನೂ ಚೆಂದ ಕೇಳುತ್ತಿತ್ತು. ಫಕೀರಪ್ಪ ಹಾಡನ್ನು ಬಿಟ್ಟು ಕುರಿಗಳನ್ನೇ ನೋಡುತ್ತಿದ್ದ.

"ಕಿವಿ ನಿಮಿರಿಸ್ಯಾವ ನೋಡ್ರಿ. ಕೇಳಾಕತ್ತಾವ. ಆದ್ರ ಒಂದರ ಬಾಯಿ ನಿಂತೈತೇನು? ಹದಿನೆಂಟೂ ಮೇಯಾಕತ್ತಾವ" ಎಂದ.

ಅಷ್ಟರಲ್ಲಿ ಸಂಗೀತ ನಿಂತು ಮೊಬೈಲು ಹೊಡೆದುಕೊಂಡಿತು. ಗಂಗಕ್ಕ! ಈರಣ್ಣನವರು ಎತ್ತಿ, ಎಲ್ಲರಿಗೂ ಕೇಳುವಂತೆ ದೊಡ್ಡದು ಮಾಡಿ ಹಿಡಿದರು.

"ಶಕುಂತಲಾ, ನನ್ನ ತಮ್ಮ ಸಿಕ್ನೇನ? ಹೇಳಿದ್ಯಾ?"

ಇಷ್ಟೆಲ್ಲ ಹೇಳಿದ್ದೆ, ಆ ಒಂದು ಮಾತು ಮಾತ್ರ ಬಾಯಿಂದ ಹೊರಬಿದ್ದಿರಲಿಲ್ಲ. ಫಕೀರಪ್ಪ ನನ್ನ ಮುಖ ನೋಡಿದ, ಆಮೇಲೆ ನನ್ನ ಕೈ ನೋಡಿದ. ನಾನೂ ನೋಡಿದೆ. ಸಂಗೀತ ನಿಂತಿದ್ದರೂ ನನ್ನ ಎಡಗೈ ತೊಡೆಯ ಮೇಲೆ ಬೀಳುತ್ತಲೇ ಇತ್ತು.

"ಇಲ್ಲಕ್ಕಾ" ಎಂದ ಫಕೀರಪ್ಪ, "ಇನ್ನೂ ಹೇಳಿಲ್ಲ. ತಾಳಾ ಹಾಕಾಕತ್ತಾರ."

ಆ ಕಡೆ ಗಂಗಕ್ಕ ನಕ್ಕಳು ನೋಡಿ, ಮೊಬೈಲು ಒಡೆಯುವ ಹಾಗೆ! ಫಕೀರಪ್ಪನೂ ನಕ್ಕ. ವಾರದಿಂದ ಮಾತು ಬಿಟ್ಟಿದ್ದ ಅಕ್ಕ ತಮ್ಮಂದಿರು ನಕ್ಕು ನಕ್ಕು, ನಡುವೆ ಒಂದಿಷ್ಟು ಅತ್ತು, ಊಟ ಆತೇನ, ಮಳಿ ಹೆಂಗ, ಹೇಂತಿಗಿ ಫೋನ್ ಕೊಡು ಎಂದು ಮಾತಿಗಿಳಿದರು. ನಾನು ಬಾಯಿಪಾಠ ಮಾಡಿಕೊಂಡು ಬಂದದ್ದು ಯಾರಿಗೂ ಬೇಕಾಗಲಿಲ್ಲ. "ಜೋಳ ಛಲೋ ಇತ್ತು, ತಪ್ಪು ನಂದು" ಎಂದು ನಾನು ಕೊನೆಗೂ ಹೇಳಿದಾಗ ಕೇಳಿಸಿಕೊಂಡವು ಕುರಿಗಳು ಮಾತ್ರ. ಅವು ಆ ಸಂಗೀತವನ್ನು ಪೂರ್ತಿ ಕೇಳಿದ್ದವು, ತಮ್ಮ ಕೆಲಸವನ್ನೂ ಪೂರ್ತಿ ಮುಗಿಸಿದ್ದವು. ಎರಡನ್ನೂ ಕೂಡಿಸಿ ಮಾಡಲು ಬಾರದೆ ಹೋದದ್ದು ಆ ಹೊಲದಲ್ಲಿ ಹತ್ತೊಂಬತ್ತನೆಯದಕ್ಕೆ ಮಾತ್ರ.